ಬೆಟ್ಟದ ಕೆಳಗಿನ ಬಯಲು



ಮಧುಗಿರಿ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಆ ಏಕಶಿಲೆಯ ಬೆಟ್ಟ. ಬಸ್ಸು ಊರನ್ನು ಮುಟ್ಟುವುದಕ್ಕೆ ಬಹಳ ಮುಂಚೆಯೇ ಅದು ಕಿಟಕಿಯಲ್ಲಿ ಕಾಣಿಸಿಕೊಂಡು, ಊರು ಬರುವವರೆಗೂ ನಮ್ಮ ಜೊತೆಯಲ್ಲೇ ಸಾಗಿ ಬರುತ್ತದೆ. ಶಿರಾ ಎಂದರೆ ಮೊಗಲರ ಸುಬಾ, 1696ರ ಜುಮ್ಮಾ ಮಸೀದಿ. ಪಾವಗಡವೆಂದರೆ ಕೋಟೆ ಮತ್ತು ಶನಿಮಹಾತ್ಮನ ಗುಡಿ. ಕೊರಟಗೆರೆಯೆಂದರೆ ಸಿದ್ಧರಬೆಟ್ಟ, ಗೊರವನಹಳ್ಳಿಯ ಲಕ್ಷ್ಮಿ. ಇವೆಲ್ಲ ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವ ಸಂಗತಿಗಳು. ಆದರೆ ಈ ನಾಲ್ಕು ಊರುಗಳಲ್ಲಿಯೂ ದಿನಕ್ಕೊಮ್ಮೆ ತೆರೆದುಕೊಳ್ಳುವ ಇನ್ನೊಂದು ನೋಟವುಂಟು. ಸಂಜೆ ಶಾಲೆ ಕಾಲೇಜುಗಳ ಕೊನೆಯ ಗಂಟೆ ಬಾರಿಸಿದ ಮೇಲೆ, ಬಿಸಿಲು ಇಳಿದು ಬೆಟ್ಟದ ನೆರಳು ಉದ್ದವಾಗುವ ಹೊತ್ತಿಗೆ, ಕೆಂಪು ಮಣ್ಣಿನ ಬಯಲಿನಲ್ಲಿ ಎದ್ದು ನಿಲ್ಲುವ ಧೂಳು. ಆ ಧೂಳಿನೊಳಗಿಂದ ಕೇಳಿಬರುವ ಹುಡುಗ ಹುಡುಗಿಯರ ಕೂಗು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಬಯಲನ್ನು ಕುರಿತು.

ಕಂದಾಯದ ಲೆಕ್ಕದಲ್ಲಿ ಈ ನಾಲ್ಕೂ ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದವು. ಆದರೆ ಶಿಕ್ಷಣ ಇಲಾಖೆಯ ಪಾಲಿಗೆ ಇವು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ಚಿಕ್ಕೋಡಿ, ಶಿರಸಿಗಳ ಹಾಗೆ ಮಧುಗಿರಿಗೂ ಒಂದು ಪ್ರತ್ಯೇಕ ಸಾಲು ಇರುತ್ತದೆ. ಹೀಗೆ ವರ್ಷಕ್ಕೊಮ್ಮೆ ರಾಜ್ಯದ ಜನರೆಲ್ಲ ನಮ್ಮ ಹೆಸರನ್ನು ಪತ್ರಿಕೆಯಲ್ಲಿ ಓದುತ್ತಾರೆ, ಎಷ್ಟನೆಯ ಸ್ಥಾನ ಎಂದು ಕೇಳುತ್ತಾರೆ, ಮರೆಯುತ್ತಾರೆ. ವಿದ್ಯಾರ್ಥಿ ಜೀವನವೆಂದರೆ ಆ ಒಂದು ಸಾಲು ಮಾತ್ರವೇ ಎಂಬ ಪ್ರಶ್ನೆ ನನ್ನನ್ನು ನಿವೃತ್ತಿಯ ಈ ದಿನಗಳಲ್ಲಿ ಕಾಡುತ್ತಿದೆ.

ಇದು ಮಳೆ ಕಡಿಮೆಯ ಸೀಮೆ. ಕಡಲೆಕಾಯಿ, ರಾಗಿ ಇಲ್ಲಿನ ಆಸರೆ. ಉತ್ತರ ಪಿನಾಕಿನಿಯೂ ಜಯಮಂಗಲಿಯೂ ವರ್ಷದ ಬಹುಕಾಲ ಮರಳಾಗಿಯೇ ಇರುವ ನದಿಗಳು. ಇಂತಹ ಸೀಮೆಯ ಹಳ್ಳಿಗಳಿಂದ ಮಕ್ಕಳು ಓದಲೆಂದು ತಾಲ್ಲೂಕಿನ ಊರಿಗೆ ಬರುತ್ತಿದ್ದ ಬಗೆಯನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನಮಗಿಂತ ಹಿಂದಿನ ತಲೆಮಾರಿನವರು ವಾರಾನ್ನದಿಂದ ಓದಿದರು. ನಮ್ಮ ಕಾಲಕ್ಕೆ ವಿದ್ಯಾರ್ಥಿನಿಲಯಗಳು ಬಂದಿದ್ದವು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರವಿದ್ದಾಗ ಹಿಂದುಳಿದ ವರ್ಗಗಳ ನಿಲಯಗಳು ಹೆಚ್ಚಿದವು. ತುಮಕೂರಿನವರೆಗೆ ಹೋಗಬಲ್ಲವರಿಗೆ ಸಿದ್ಧಗಂಗಾ ಮಠದ ದಾಸೋಹವಿತ್ತು. ಅಲ್ಲಿ ಇಲ್ಲಿ ಸ್ಥಳ ಸಿಗದವರು ಮೂವರು ನಾಲ್ವರು ಸೇರಿ ಒಂದು ಹೆಂಚಿನ ಕೋಣೆ ಹಿಡಿಯುತ್ತಿದ್ದರು. ಬೆಳಗಿನ ಬಸ್ಸಿನಲ್ಲಿ ಹಳ್ಳಿಯಿಂದ ಬುತ್ತಿಯ ಕ್ಯಾರಿಯರ್ ಬರುತ್ತಿತ್ತು. ಕಂಡಕ್ಟರು ಅದನ್ನು ನಿಲ್ದಾಣದ ಹೋಟೆಲಿನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ. ಮುದ್ದೆ, ಸೊಪ್ಪಿನ ಸಾರು. ಸಂಜೆಗೆ ಹುರಿದ ಕಡಲೆಕಾಯಿ, ಒಂದು ತುಂಡು ಬೆಲ್ಲ. ನಮ್ಮ ಕಬಡ್ಡಿಯ ಹುಡುಗರ ಪೌಷ್ಟಿಕ ಆಹಾರವೆಂದರೆ ಅದೇ.

ಬರಿಗಾಲಿನಲ್ಲಿ ಆಡಬಹುದಾದ ಆಟಗಳೇ ಬಡ ಸೀಮೆಯ ಆಟಗಳಾಗುತ್ತವೆ. ಕಬಡ್ಡಿಗೆ ಬೇಕಾದದ್ದು ಒಂದು ಬುಟ್ಟಿ ಸುಣ್ಣದ ಪುಡಿ, ಖೊಖೊಗೆ ಅದರ ಜೊತೆಗೆ ಎರಡು ಕಂಬ. ವಾಲಿಬಾಲಿಗೆ ಒಂದು ಬಲೆ, ಒಂದು ಚೆಂಡು. ಚೆಂಡು ಹರಿದರೆ ಅದನ್ನು ಹೊಲಿದುಕೊಡಲು ಚಪ್ಪಲಿ ಹೊಲಿಯುವವರು ಇದ್ದೇ ಇದ್ದರು. ಕನ್ನಡದ ವಿದ್ಯಾರ್ಥಿಯಾಗಿ ನನಗೆ ಕಬಡ್ಡಿಯ ಮೇಲೆ ಒಂದು ವಿಶೇಷ ಮಮತೆ. ನಮ್ಮ ಭಾಷೆಯಲ್ಲಿ ‘ಆಡು’ ಎಂಬ ಒಂದೇ ಧಾತು ಆಟಕ್ಕೂ ಸಲ್ಲುತ್ತದೆ, ಮಾತಿಗೂ ಸಲ್ಲುತ್ತದೆ. ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಈ ಎರಡು ಅರ್ಥಗಳನ್ನೂ ಒಂದೇ ಉಸಿರಿನಲ್ಲಿ ಕೂಡಿಸಿದ ಆಟ ಕಬಡ್ಡಿ. ಎದುರಾಳಿಯ ಅಂಗಳಕ್ಕೆ ನುಗ್ಗಿದವನ ನುಡಿ ನಿಂತಿತೋ, ಅವನ ಆಟವೂ ಮುಗಿಯಿತು.

ಪಾವಗಡದ ಕಡೆಯ ಹುಡುಗರ ಸಂಗತಿ ಇನ್ನೂ ಸ್ವಾರಸ್ಯ. ಆ ತಾಲ್ಲೂಕನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು, ಶಾಲೆಯಲ್ಲಿ ಕನ್ನಡ. ತರಗತಿಯಲ್ಲಿ ತಪ್ಪು ಕನ್ನಡ ಬಂದೀತೆಂದು ಬಾಯಿ ಬಿಡದೆ ಕುಳಿತಿರುತ್ತಿದ್ದ ಹುಡುಗ ಸಂಜೆ ಅಂಗಳಕ್ಕೆ ಇಳಿದರೆ ಎರಡೂ ಭಾಷೆಗಳಲ್ಲಿ ತಂಡವನ್ನು ನಡೆಸುತ್ತಿದ್ದ. ಅವನ ಕೂಗಿಗೆ ಶಿರಾದ ಉರ್ದು ಮನೆಮಾತಿನ ಗೆಳೆಯ ಸರಿಯಾಗಿಯೇ ಓಗೊಡುತ್ತಿದ್ದ. ನಾವು ‘ಮೈದಾನ’ ಎನ್ನುವ ಮಾತು ಕೂಡ ಆ ಮಸೀದಿ ಕಟ್ಟಿದವರ ಭಾಷೆಯಿಂದಲೇ ಬಂದದ್ದಲ್ಲವೇ? ಸಾಮರಸ್ಯವನ್ನು ಕುರಿತು ನಾನು ಎಷ್ಟೋ ಪ್ರಬಂಧಗಳನ್ನು ಬರೆಸಿದ್ದೇನೆ. ಅದು ಉಪದೇಶವಿಲ್ಲದೆ ನಡೆಯುತ್ತಿದ್ದುದನ್ನು ಕಂಡದ್ದು ಮಾತ್ರ ಬಯಲಿನಲ್ಲಿ.

ಈಗ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಬೇಕಾಗಿದೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಈ ನಾಲ್ಕರ ಪೈಕಿ ಒಂದು ಊರಿನ ಕಾಲೇಜಿಗೆ ಅಧ್ಯಾಪಕನಾಗಿ ಬಂದೆ. ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಹಾಜರಿ ಪುಸ್ತಕವನ್ನು ಧರ್ಮಶಾಸ್ತ್ರದಂತೆ ಪಾಲಿಸುತ್ತಿದ್ದೆ. ನನ್ನ ತರಗತಿಯಲ್ಲಿ ಗಡಿಯ ಹಳ್ಳಿಯೊಂದರಿಂದ ಬಂದ ಹುಡುಗನಿದ್ದ. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲನೆಯವನು. ಓದಿನಲ್ಲಿ ಸಾಧಾರಣ, ಕಬಡ್ಡಿಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆಗ ನಮ್ಮ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ತುಮಕೂರು ವಿಶ್ವವಿದ್ಯಾನಿಲಯ ಬಂದದ್ದು 2004ರಲ್ಲಿ. ಅಂತರ ಕಾಲೇಜು ಪಂದ್ಯಗಳಿಗೆಂದು ದೂರದ ಊರುಗಳಿಗೆ ಹೋಗಬೇಕಾಗುತ್ತಿತ್ತು. ಕಾಲೇಜಿನ ಪರವಾಗಿ ಆಡಲು ಹೋದ ದಿನಗಳನ್ನು ಹಾಜರಿಯೆಂದೇ ಪರಿಗಣಿಸುವ ಅವಕಾಶವೂ ಇತ್ತು. ದೈಹಿಕ ಶಿಕ್ಷಣದ ಮೇಷ್ಟ್ರು ಆ ದಿನಗಳ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಆಟಕ್ಕೆ ಹೋದವನು ಪಾಠಕ್ಕೆ ಬಂದ ಹಾಗಾಗುತ್ತದೆಯೇ?” ಎಂದು ನಾನು ಅದನ್ನು ಬದಿಗೆ ಸರಿಸಿದೆ. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯರು. ಏನೂ ಹೇಳದೆ ಹೊರಟುಹೋದರು.

ವರ್ಷದ ಕೊನೆಯಲ್ಲಿ ಹಾಜರಿ ಸಾಲದೆ ಆ ಹುಡುಗನಿಗೆ ಪರೀಕ್ಷೆಗೆ ಕೂರಲಾಗಲಿಲ್ಲ. ಅವನು ಬಂದು ನನ್ನನ್ನು ಬೇಡಿಕೊಳ್ಳಲೂ ಇಲ್ಲ. ಮರುವರ್ಷ ಜೂನ್ ತಿಂಗಳಿನಲ್ಲಿ ಅವನ ಹೆಸರನ್ನು ಕರೆದಾಗ ಹಿಂದಿನ ಬೆಂಚಿನಿಂದ ಯಾರೋ “ಬಿಟ್ಟೋದ ಸಾ” ಎಂದರು. ನಾನು ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಹೆಸರನ್ನು ಕರೆದೆ.

ಮಹಾಭಾರತದಲ್ಲಿ ದ್ರೋಣನು ತನ್ನ ಶಿಷ್ಯರನ್ನು ಮೊದಲು ಕಂಡದ್ದು ಪಾಠಶಾಲೆಯಲ್ಲಲ್ಲ. ಕುರುಕುಮಾರರು ಊರ ಹೊರಗೆ ಆಡುತ್ತಿದ್ದಾಗ ಅವರ ಚೆಂಡು ಬಾವಿಗೆ ಬಿತ್ತು. ಆ ದಾರಿಯಲ್ಲಿ ಬಂದ ಬಡ ಬ್ರಾಹ್ಮಣನು ಹುಲ್ಲುಕಡ್ಡಿಗಳನ್ನು ಮಂತ್ರಿಸಿ, ಒಂದರ ಬೆನ್ನಿಗೆ ಒಂದನ್ನು ನೆಟ್ಟು, ಚೆಂಡನ್ನು ಮೇಲಕ್ಕೆತ್ತಿಕೊಟ್ಟನು. ಶಿಷ್ಯರು ಗುರುವನ್ನು ಒಪ್ಪಿಕೊಂಡದ್ದು ಆಮೇಲೆ. ಈ ಕಥೆಯನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅದರ ಅಸ್ತ್ರವಿದ್ಯೆಯನ್ನು ವರ್ಣಿಸಿದ್ದೇನೆ. ಗುರುವಾದವನು ಮೊದಲು ಆಟದ ಬಯಲಿಗೆ ಬಂದು ನಿಲ್ಲಬೇಕು ಎಂಬ ಸರಳವಾದ ಅರ್ಥ ಮಾತ್ರ ನನಗೆ ಬಹಳ ತಡವಾಗಿ ಹೊಳೆಯಿತು. ಸೇವೆಗೆ ಸೇರಿದ ಮೊದಲ ಐದಾರು ವರ್ಷ ನಾನು ಒಂದು ಸಂಜೆಯೂ ಕಾಲೇಜಿನ ಮೈದಾನಕ್ಕೆ ಹೋದವನಲ್ಲ.

ಖೊಖೊ ಆಟದಲ್ಲಿ ಒಂದು ನಿಯಮವುಂಟು. ಅಟ್ಟುವ ತಂಡದ ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ಅವರಲ್ಲಿ ಯಾರೂ ತಾವಾಗಿಯೇ ಎದ್ದು ಓಡುವಂತಿಲ್ಲ. ಹಿಂದಿನಿಂದ ಒಬ್ಬರು ಬಂದು ಬೆನ್ನು ಮುಟ್ಟಿ “ಖೋ” ಎನ್ನಬೇಕು, ಆಗ ಏಳಬೇಕು. ಮನೆಯಲ್ಲಿ ಮೊದಲನೆಯವರಾಗಿ ಓದಲು ಬರುವ ಮಕ್ಕಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಕಾಲಿನಲ್ಲಿ ಬಲವಿರುತ್ತದೆ, ಕಣ್ಣಿನಲ್ಲಿ ಗುರಿಯಿರುತ್ತದೆ. ಬೆನ್ನು ಮುಟ್ಟುವ ಕೈಯೊಂದು ಬೇಕು. ನನ್ನ ಬೆನ್ನನ್ನು ಹಾಗೆ ಮುಟ್ಟಿದ ಮೇಷ್ಟ್ರುಗಳಿದ್ದರು. ನನ್ನ ಸರದಿ ಬಂದಾಗ ನಾನು ಆ ಹುಡುಗನನ್ನು ದಾಟಿ ಓಡಿಹೋದೆ.

ಅಂದಿನಿಂದ ಇಂದಿನವರೆಗೆ ಆಟಗಳ ಭಾಗ್ಯ ಬಹಳ ಬದಲಾಗಿದೆ. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಯನ್ನು ಬರಿಯ ಪ್ರದರ್ಶನಕ್ಕೆಂದು ಆಡಿಸಿದರು. 1990ರಲ್ಲಿ ಬೀಜಿಂಗಿನಲ್ಲಿ ಅದಕ್ಕೆ ಪದಕ ಬಂತು. 2010ರಲ್ಲಿ ಮಹಿಳೆಯರ ಕಬಡ್ಡಿಯೂ ಸೇರಿತು. 2018ರಲ್ಲಿ ಇರಾನಿನವರು ಎರಡು ಚಿನ್ನಗಳನ್ನೂ ಒಯ್ದಾಗ ನಮ್ಮವರಿಗೆ ಎಚ್ಚರವಾಯಿತು; 2023ರಲ್ಲಿ ಎರಡೂ ಮರಳಿ ಬಂದವು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಿಂದಾಗಿ ನಮ್ಮ ಹಳ್ಳಿಯ ಅಜ್ಜಿಯರೂ ದೂರದರ್ಶನದ ಮುಂದೆ ಕುಳಿತು ‘ರೈಡು’ ಎನ್ನುವುದನ್ನು ಕಲಿತರು. ಖೊಖೊಗೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು, ಪುರುಷರ, ಮಹಿಳೆಯರ ಎರಡೂ ಪ್ರಶಸ್ತಿಗಳನ್ನು ಭಾರತವೇ ಗೆದ್ದಿತು. ನಮ್ಮ ಸೀಮೆಯಲ್ಲಿಯೂ ಬದಲಾವಣೆಯಿದೆ. ಸಂಜೆಯ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆಂದು ಎಷ್ಟೋ ಹೆಣ್ಣುಮಕ್ಕಳು ಆಟವನ್ನು ಬಿಟ್ಟಿದ್ದರು. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ತೊಡಗಿದ ಮೇಲೆ ಗುಂಪುಗುಂಪಾಗಿ ಸಂಜೆ ಆರರ ನಂತರ ಊರಿಗೆ ಮರಳುವ ಹುಡುಗಿಯರನ್ನು ರಸ್ತೆಯಲ್ಲಿ ಕಂಡು ನಾನು ಸಂತೋಷಪಟ್ಟಿದ್ದೇನೆ.

ಕೀರ್ತಿ ಬೆಳೆದಿದೆ, ಆದರೆ ಬಯಲು ಕಿರಿದಾಗುತ್ತಿದೆ. ಹೊಸ ಕೊಠಡಿ ಬೇಕೆಂದರೆ ಮೈದಾನದ ಮೂಲೆ. ನೀರಿನ ತೊಟ್ಟಿ ಕಟ್ಟಬೇಕೆಂದರೆ ಇನ್ನೊಂದು ಮೂಲೆ. ಹತ್ತನೆಯ ತರಗತಿಗೆ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡುವುದು ವಾಡಿಕೆಯಾಗಿಬಿಟ್ಟಿದೆ. ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಕಬಡ್ಡಿಯ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ವಾಲಿಬಾಲಿನದು 18 ಮತ್ತು 9. ಖೊಖೊಗೆ 27 ಮತ್ತು 16. ಮೂರನ್ನೂ ಕೂಡಿಸಿದರೆ 724 ಚದರ ಮೀಟರು. ರೈತರ ಭಾಷೆಯಲ್ಲಿ ಏಳು ಗುಂಟೆಗಿಂತ ತುಸು ಹೆಚ್ಚು. ಸುತ್ತ ನಿಂತು ನೋಡುವವರಿಗೆ ಜಾಗ ಬಿಟ್ಟರೂ ಅರ್ಧ ಎಕರೆಯಲ್ಲಿ ಎಲ್ಲವೂ ಹಿಡಿಸುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೂರ್ಯನ ಬೆಳಕನ್ನು ಹಿಡಿಯುವ ಫಲಕಗಳು ಹರಡಿಕೊಂಡಿವೆ. 2,000 ಮೆಗಾವ್ಯಾಟಿಗೂ ಮೀರಿದ ಶಕ್ತಿ ಅಲ್ಲಿ ಹುಟ್ಟುತ್ತದೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಬಿಸಿಲಿಗೆ ಅಷ್ಟು ನೆಲ ಒದಗಿಸಿದ ಸೀಮೆ ಆ ಬಿಸಿಲಿನಲ್ಲಿ ಬೆಳೆಯುವ ಮಕ್ಕಳಿಗೆ ಶಾಲೆಗೊಂದರಂತೆ ಅರ್ಧ ಎಕರೆಯನ್ನು ಉಳಿಸಿಕೊಡಲಾರದೇ ಎಂದು ಕೇಳುತ್ತಿದ್ದೇನೆ, ಅಷ್ಟೆ.

ನಿವೃತ್ತನಾದ ಮೇಲೆ ಒಮ್ಮೆ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹಿಂದಿನ ರಾತ್ರಿ ಬಿದ್ದ ಮಳೆಯಿಂದ ಗೆರೆಗಳು ಕದಡಿಹೋಗಿದ್ದವು. ತಲೆ ನರೆತ ಒಬ್ಬ ರೈತ ಪಂಚೆಯನ್ನು ಎತ್ತಿ ಕಟ್ಟಿ, ಹಗ್ಗ ಹಿಡಿದು, ಸುಣ್ಣದ ಪುಡಿಯಿಂದ ಅಂಗಳವನ್ನು ಹೊಸದಾಗಿ ಬರೆಯುತ್ತಿದ್ದ. ಬಗ್ಗಿದವನು ನೆಟ್ಟಗಾದಾಗ ಗುರುತು ಸಿಕ್ಕಿತು. ಅವನೂ ನನ್ನನ್ನು ಗುರುತಿಸಿ, ಕೈಯ ಸುಣ್ಣವನ್ನು ಒರೆಸಿಕೊಳ್ಳುತ್ತ ಬಂದು ನಮಸ್ಕರಿಸಿದ. ಕಡಲೆಕಾಯಿ ಬೆಳೆಯುತ್ತಾನಂತೆ. ಊರಿನ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಸಂಜೆ ತಾನೇ ಆಟ ಹೇಳಿಕೊಡುತ್ತಾನಂತೆ, ಅದಕ್ಕೆ ಸಂಬಳವಿಲ್ಲ. ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿ ಕೂಡಿಟ್ಟಿದ್ದ ಮಾತನ್ನು ಆಡಲು ಬಾಯಿ ತೆರೆದೆ. ಅವನು ಅರ್ಧಕ್ಕೇ ತಡೆದು, “ಅದೆಲ್ಲ ಆಗೋದ ಮಾತು, ಬುಡಿ ಸಾ. ಈ ಹುಡುಗ್ರು ಪಂದ್ಯ ಅಂತ ವಾರಗಟ್ಟಲೆ ಆಚೆ ಹೋಯ್ತವೆ, ಹೆಡ್ಮಾಸ್ಟ್ರಿಗೆ ಒಂದು ಮಾತು ಹೇಳಿ, ಇವರ ಹಾಜರಿ ಒಂದು ನೋಡ್ಕಳಿ” ಎಂದ.

ಅಂದು ವೇದಿಕೆಯ ಮೇಲೆ ನಾನು ಆಡಿದ್ದು ಅದೊಂದೇ ಮಾತು. ಇಂದು ಬಾನುಲಿಯ ಮೂಲಕ ಅದನ್ನೇ ನನ್ನ ಸಹೋದ್ಯೋಗಿಗಳಾದ ಎಲ್ಲ ಮೇಷ್ಟ್ರುಗಳಿಗೂ ತಾಯ್ತಂದೆಯರಿಗೂ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಸಂಜೆ ಗಂಟೆ ಬಾರಿಸಿದ ಮೇಲೆ ಹತ್ತು ನಿಮಿಷವಾದರೂ ಮೈದಾನದ ಅಂಚಿಗೆ ಹೋಗಿ ನಿಲ್ಲಿ. ತರಗತಿಯಲ್ಲಿ ಬಾಯಿ ಬಿಡದ ಮಗು ಅಲ್ಲಿ ಏನೆಂದು ಕೂಗುತ್ತಿದೆ, ಕೇಳಿಸಿಕೊಳ್ಳಿ. ಆಮೇಲೆ ಹಾಜರಿ ಪುಸ್ತಕವನ್ನು ತೆರೆಯಿರಿ.