ಬರದ ಊರಿನ ಅಂಬಿಗ

ತುಂಗಭದ್ರೆಯ ದಂಡೆಯಲ್ಲಿರುವ ಮುಂಡರಗಿ, ಶಿರಹಟ್ಟಿ ಸೀಮೆಯವರು ಹರಿಗೋಲು ಬಲ್ಲವರು. ಗದಗ-ಬೆಟಗೇರಿಯ ನಮಗೆ ಬಾವಿಯ ಆಳವೇ ಹೆಚ್ಚು ಪರಿಚಿತ. ನಾಸಿಕ ಜಿಲ್ಲೆಯ ದತ್ತು ಭೋಕನಳ ಅವರದೂ ಅಂಥದೇ ಬರದ ಊರು. ತಂದೆಯೊಡನೆ ಬಾವಿ ತೋಡಿದ ಕೈ ಅದು. ಹುಟ್ಟು ಹಿಡಿದದ್ದು 2012ರಲ್ಲಿ ಸೈನ್ಯ ಸೇರಿದ ಮೇಲೆ.

ಒಂಟಿ ದೋಣಿಯ ಪಂದ್ಯ 2000 ಮೀಟರಿನದು. ಕೈಗೊಂದು ಹುಟ್ಟು, ಗುರಿಗೆ ಬೆನ್ನು. ಹಿಂದೆ ಬಿದ್ದವರ ಬೆನ್ನು ಕಂಡರೆ ಮಾತ್ರ ತಾನು ಮುಂದಿದ್ದೇನೆಂದು ತಿಳಿಯಬೇಕು!

2016ರ ರಿಯೋ ಒಲಿಂಪಿಕ್ಸಿನಲ್ಲಿ ಅವರಿಗೆ 13ನೆಯ ಸ್ಥಾನ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಮೈಯಲ್ಲಿ ಸೌಖ್ಯವಿಲ್ಲದೆ ಒಂಟಿ ದೋಣಿಯಲ್ಲಿ ಕೊನೆಯವರಾದರು. ಮರುದಿನ ಅದೇ ನೀರಿನಲ್ಲಿ ಮೂವರು ಜೊತೆಗಾರರೊಡನೆ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದರು.

“ನಡುವಿನ ಆ ರಾತ್ರಿ ನಿದ್ದೆ ಬಂದಿತ್ತೇನ್ರೀ ಸರ್ ಅವರಿಗೆ?” ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಪಂಡಿತನಾದ ನನ್ನಲ್ಲಿ ಉತ್ತರವಿರಲಿಲ್ಲ.