ಮೊದಲ ಜಾಕೆಟ್ ಅಂಬಿಗನಿಗೆ



ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ನೀರೆಂದರೆ ಕೆರೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯವರಿಗೆ ತುಂಗಭದ್ರೆ, ಇಲ್ಲವೇ ಅದರ ಹಿನ್ನೀರು. ಮೈಲಾರದ ಜಾತ್ರೆಗೆ, ಕುರುವತ್ತಿಯ ತೇರಿಗೆ ಐದೂ ತಾಲ್ಲೂಕಿನವರು ಹೊಳೆದಂಡೆಗೆ ಬಂದೇ ಬರುತ್ತೇವೆ. ತೆಪ್ಪ ಹತ್ತಿದ ಮೇಲೆ ನಮ್ಮ ಜೀವ ಹುಟ್ಟು ಹಿಡಿದವರ ಕೈಯಲ್ಲಿ. ಹಾಗಾದರೆ ಆ ಅಂಬಿಗರ ಜೀವ ಕಾಯುವುದು ಏನು? ಜೀವರಕ್ಷಕ ಜಾಕೆಟ್. ಅದರ ಚರಿತ್ರೆಯನ್ನು ಇಂದು ನೋಡೋಣ.

ಈ ಹೊಳೆಯಲ್ಲಿ ಅಂಬಿಗ ವೃತ್ತಿ ಬಹಳ ಹಳೆಯದು. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರ ಹೆಸರು ಹೊತ್ತ ಚೌಡಯ್ಯದಾನಪುರ ಇದೇ ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಹರಿಗೋಲನ್ನು ಕಂಡು ಬರೆದಿಟ್ಟ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿ ಹಿಡಿಯುತ್ತದೆ, ನೇರ ಸಾಗದೆ ಸುತ್ತುತ್ತಲೇ ಹೋಗುತ್ತದೆ ಎಂದು. ಚರ್ಮದ ಜಾಗಕ್ಕೆ ಮುಂದೆ ಡಾಂಬರು ಬಳಿದ ಹಾಳೆ ಬಂತು, ಈಗ ಫೈಬರ್ ಬಂದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಹೊಳೆಯೂ ಬದಲಾಯಿತು. ವಿಶಾಲ ಹಿನ್ನೀರಿನ ಮೇಲೆ ಗಾಳಿ ಎದ್ದರೆ ಅಲೆ ಏಳುತ್ತದೆ.

ತೇಲುವ ಉಪಾಯ ನಮಗೆ ಹೊಸದಲ್ಲ. ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು. ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೃಷ್ಣೆಯ ಪ್ರವಾಹವನ್ನೇ ದಾಟಿದವರಿದ್ದಾರೆ. ಇದೇ ತತ್ವದ ಮೇಲೆ 1854ರಲ್ಲಿ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ ಕಾರ್ಕ್ ಬೆಂಡಿನ ತುಂಡುಗಳನ್ನು ಹೊಲಿಸಿ ಜಾಕೆಟ್ ಮಾಡಿಸಿದರು. 1861ರ ಬಿರುಗಾಳಿಯಲ್ಲಿ ವಿಟ್‌ಬಿ ಎಂಬ ಊರಿನ ರಕ್ಷಣಾ ದೋಣಿ ಮಗುಚಿ, 13 ಮಂದಿಯಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಆ ಹೊಸ ಬೆಂಡಿನ ಜಾಕೆಟ್ ತೊಟ್ಟಿದ್ದ. ಇತರರ ಪ್ರಾಣ ಉಳಿಸಲು ಹೊರಟವರಿಗೂ ರಕ್ಷಣೆ ಬೇಕೆಂದು ಅಂದು ಜಗತ್ತು ಕಲಿಯಿತು. ಆಮೇಲೆ ಬೂರುಗದ ಜಾತಿಯ ಹತ್ತಿ ತುಂಬಿದ ಜಾಕೆಟ್ ಬಂತು, ಅನಂತರ ಗಾಳಿ ತುಂಬುವುದು, ಕೊನೆಗೆ ಇಂದಿನ ಫೋಮ್.

ಆದರೆ ಎಲ್ಲ ಜಾಕೆಟ್ ಎಲ್ಲ ದೋಣಿಗೂ ಹೊಂದದು. ರೋಯಿಂಗ್ ಕ್ರೀಡೆಯಲ್ಲಿ ಹುಟ್ಟು ಹಾಕದೆ ದೋಣಿಗೆ ದಾರಿ ತೋರುವವರನ್ನು ಕಾಕ್ಸ್ ಎನ್ನುತ್ತಾರೆ. ಕೆಲವು ದೋಣಿಗಳಲ್ಲಿ ಇವರು ಮುಂತುದಿಯ ಇಕ್ಕಟ್ಟಿನೊಳಗೆ ಮಲಗಿರಬೇಕು. ನೀರು ತಾಗಿದೊಡನೆ ತಾನೇ ಉಬ್ಬುವ ಜಾಕೆಟ್ ಅಲ್ಲಿ ಅಪಾಯ. ದೋಣಿ ಮಗುಚಿದರೆ ಅದು ಉಬ್ಬಿ, ತೊಟ್ಟವರು ಹೊರಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆದ್ದರಿಂದ ಅವರಿಗೆ, ಹೊರಬಂದ ಮೇಲೆ ಕೈಯಿಂದ ಎಳೆದು ಉಬ್ಬಿಸುವ ಜಾಕೆಟ್ಟೇ ನಿಯಮ. ಜಾಕೆಟ್ ಇದ್ದರಷ್ಟೇ ಸಾಲದು, ಕೂರುವ ಜಾಗಕ್ಕೆ ತಕ್ಕದ್ದಾಗಿರಬೇಕು.

ನಮ್ಮ ರಾಜ್ಯವೂ ದೋಣಿ ಸುರಕ್ಷತೆಯ ಪಾಠಕ್ಕೆ ದೊಡ್ಡ ಬೆಲೆ ತೆತ್ತಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. ಯಂತ್ರವಿಲ್ಲದ ದೋಣಿಗಳ ಸುರಕ್ಷತೆಯನ್ನೂ 2021ರ ಒಳನಾಡು ಹಡಗು ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ. ಆದರೆ ಕಾಯ್ದೆ ದಡಕ್ಕೆ ಬಂದು ಬಕಲ್ ಹಾಕುವುದಿಲ್ಲ. ಅದನ್ನು ನಾವೇ ಹಾಕಬೇಕು.

“ನನಗೆ ಈಜು ಬರುತ್ತದೆ, ಜಾಕೆಟ್ ಯಾಕೆ?” ಎನ್ನುವ ಅಂಬಿಗಣ್ಣಂದಿರೇ, ಕೇಳಿ. ತಲೆಗೆ ಹುಟ್ಟು ಬಡಿದರೆ, ಕಾಲಿಗೆ ಬಲೆ ಸುತ್ತಿದರೆ, ಹೆದರಿದವರು ನಿಮ್ಮ ಕೊರಳು ತಬ್ಬಿದರೆ ಈಜು ಕೈಕೊಡುತ್ತದೆ. ಜಾಕೆಟ್ ತೊಟ್ಟು ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿಮಾಡಿ. ಇನ್ನೊಬ್ಬರಿಂದ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಸಿ. ಗದ್ದ ದಾಟಿ ಮೇಲೆ ಬಂದರೆ ಅದು ಸಡಿಲ, ಇನ್ನಷ್ಟು ಬಿಗಿಯಿರಿ. ಅದನ್ನು ಕೂರುವ ದಿಂಬು ಮಾಡಬೇಡಿ, ಫೋಮ್ ಅಪ್ಪಚ್ಚಿಯಾಗಿ ತೇಲುವ ಶಕ್ತಿ ಕುಗ್ಗುತ್ತದೆ. ಬಟ್ಟೆ ಹರಿದಿದ್ದರೆ, ಬಕಲ್ ಮುರಿದಿದ್ದರೆ ಆ ಜಾಕೆಟ್ ಬದಲಿಸಿ.

ತೆಪ್ಪ ಹತ್ತುವ ಬಂಧುಗಳೇ, ನಿಮ್ಮದೂ ಒಂದು ಕೆಲಸವಿದೆ. ನಿಮಗೆ ಜಾಕೆಟ್ ಕೇಳಿ ಪಡೆಯಿರಿ, ಅಂಬಿಗರು ತೊಟ್ಟಿದ್ದಾರೆಯೇ ನೋಡಿ. ತೊಟ್ಟಿರದಿದ್ದರೆ, “ಅಣ್ಣಾ, ಮೊದಲು ನೀವು ಹಾಕ್ಕೊಳ್ರಿ, ಆಮೇಲೆ ಹೋಗೋಣ” ಎನ್ನಿ. ಅವರು ತೇಲಿದರೆ ಉಳಿದವರನ್ನು ಎಳೆದು ತರಲು ಒಬ್ಬರಾದರೂ ಇರುತ್ತಾರೆ.