ಬೆಸುಗೆ ತಂತಿಯಲ್ಲಿ ಸೀಸ ಇದೆಯಾ, ಇಲ್ವಾ?

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



ಎಲ್‌ಇಡಿ ಬಲ್ಬು, ಸೋಲಾರ್ ದೀಪ ಜೋಡಿಸುವ ಕೆಲಸವನ್ನು ಸಂಘದ ವತಿಯಿಂದ ಮಾಡಬಹುದಾ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಖಂಡಿತ ಮಾಡಬಹುದು. ಹಪ್ಪಳ, ಸಂಡಿಗೆ, ಹೊಲಿಗೆ ಇಷ್ಟೇ ನಮ್ಮ ಪಾಲಿಗೆ ಅಂತ ಯಾರೂ ಬರೆದಿಟ್ಟಿಲ್ಲ. ಆದರೆ ಸಾಲ ಎತ್ತಿ ಸಾಮಾನು ತರುವ ಮೊದಲು ಒಂದು ಮಾತು ಕೇಳಲೇಬೇಕು: ಬೆಸುಗೆ ಹಾಕುವ ತಂತಿಯಲ್ಲಿ ಸೀಸ ಇದೆಯಾ, ಇಲ್ವಾ?

ತವರ ನಮಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದೇ ತವರ. ಅದಕ್ಕೆ ಸೀಸ ಬೆರೆಸಿದರೆ ಕಲಾಯಿ ಅಗ್ಗ, ಆದರೆ ಆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಸೀಸ ಹೊಟ್ಟೆಗೆ ಹೋಗುತ್ತದೆ. ಬೆಸುಗೆ ತಂತಿಯ ಕಥೆಯೂ ಹೀಗೇ. ಹಳೇ ಪದ್ಧತಿಯ ತಂತಿಯಲ್ಲಿ 100 ಭಾಗಕ್ಕೆ 63 ತವರ, 37 ಸೀಸ. 183 ಡಿಗ್ರಿಗೇ ಕರಗುತ್ತದೆ, ಫಳಫಳ ಹೊಳೆಯುತ್ತದೆ, ಬೆಲೆಯೂ ಕಡಿಮೆ. ಅದಕ್ಕೇ ಕೆಲಸ ಕೊಡುವವರು ಅದನ್ನೇ ಕೈಗಿಡಲು ನೋಡುತ್ತಾರೆ.

ಸೀಸ ಒಳಗೆ ಹೋದರೆ ರಕ್ತ, ಮೂಳೆ ಸೇರುತ್ತದೆ. ಗರ್ಭಿಣಿಯಾದಾಗ ಮೂಳೆಯಲ್ಲಿ ಕೂತಿದ್ದ ಸೀಸ ಮತ್ತೆ ರಕ್ತಕ್ಕೆ ಬಂದು ಹೊಟ್ಟೆಯಲ್ಲಿರುವ ಕೂಸಿಗೆ ತಲುಪುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಮಂಕಾಗುತ್ತದೆ; ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಲೆಕ್ಕವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯಕ್ಕಾಗಿ ವರ್ಷಗಟ್ಟಲೆ ದುಡಿದರು. 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಮಿತಿ ಮೀರಿತ್ತು. ಪೆಟ್ರೋಲಿನಿಂದ ಸೀಸ ಹೋದದ್ದು 2000ರಲ್ಲಿ. ಮನೆಗೆ ಹೊಡೆಯುವ ಬಣ್ಣಕ್ಕೆ ಬಿಗಿ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ.

ಬೆಸುಗೆಯ ವಿಷಯದಲ್ಲಿ ಯೂರೋಪಿನ ದೇಶಗಳು 2006ರ ಜುಲೈ 1ರಿಂದ ಕಾನೂನು ತಂದವು. ನಮ್ಮಲ್ಲಿ ಇ-ತ್ಯಾಜ್ಯ ನಿಯಮದ ಪ್ರಕಾರ 2014ರ ಮೇ 1ರಿಂದ, ಪಟ್ಟಿಯಲ್ಲಿರುವ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ ನೂರಕ್ಕೆ 0.1 ಭಾಗ ಮೀರುವಂತಿಲ್ಲ. ಕೆಲವು ವಿನಾಯಿತಿಗಳಿವೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲೂ ಇದೇ ಮಿತಿ.

ವಿನಾಯಿತಿ ಅಂದೆ. ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, ಅಲ್ಲಿಂದ ನೋಡಿಕೊಳ್ಳುವಂಥ ಉಪಗ್ರಹಗಳಲ್ಲಿ ಇಂದಿಗೂ ಸೀಸದ ಬೆಸುಗೆ ಬಳಕೆಯಲ್ಲಿದೆ. ಬರೀ ತವರದ ಮೇಲೆ ಕೂದಲಿನಂಥ ಎಳೆಗಳು ಬೆಳೆದು ಶಾರ್ಟ್ ಆಗಬಹುದು. ಸ್ವಲ್ಪ ಸೀಸ ಸೇರಿಸಿದರೆ ಅದು ತಗ್ಗುತ್ತದೆ. ಆಕಾಶಕ್ಕೆ ಹೋಗಿ ರಿಪೇರಿ ಮಾಡಲಾಗುವುದಿಲ್ಲವಲ್ಲ! ನಮ್ಮ ಬಲ್ಬಿಗೆ ಆ ನೆಪ ಬೇಡ.

ಈಗ ಹೊಗೆಯ ವಿಷಯ. ಬೆಸುಗೆ ಹಾಕುವಾಗ ಏಳುವ ಹೊಗೆಯೇ ಸೀಸ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆ ಬಿಸಿಗೆ ಸೀಸ ಹೆಚ್ಚೇನೂ ಆವಿಯಾಗುವುದಿಲ್ಲ. ಹೊಗೆ ಬರುವುದು ತಂತಿಯೊಳಗಿನ ರಾಳದಿಂದ. ಸೀಸ ನಮ್ಮೊಳಗೆ ಹೋಗುವುದು ಬೆರಳಿನಿಂದ, ಉಗುರಿನ ಸಂದಿಯಿಂದ, ಸೆರಗಿನ ಧೂಳಿನಿಂದ. ತಂತಿ ಹಿಡಿದ ಕೈಯಲ್ಲೇ ಎಲೆ ಅಡಿಕೆ ಹಾಕಿಕೊಂಡರೆ, ಮಗುವಿಗೆ ತುತ್ತು ಕೊಟ್ಟರೆ ಮುಗಿಯಿತು. ಇನ್ನೊಂದು ಕಡೆ, ತಂತಿಯಲ್ಲಿ ಸೀಸ ಇಲ್ಲ ಅಂದ ಮಾತ್ರಕ್ಕೆ ಹೊಗೆ ಒಳ್ಳೆಯದಾಗುವುದಿಲ್ಲ. ರಾಳದ ಹೊಗೆಯಿಂದ ಉಬ್ಬಸ ಬರುತ್ತದೆ. ಕಿಟಕಿ ಇರಲಿ, ಹೊಗೆಯನ್ನು ಮುಖದಿಂದಾಚೆ ಎಳೆದು ಹೊರಹಾಕುವ ಫ್ಯಾನ್ ಇರಲಿ.

ಹೊಸ ತಂತಿಯಲ್ಲಿ ತವರದ ಜೊತೆ ತುಸು ಬೆಳ್ಳಿ, ತಾಮ್ರ ಇರುತ್ತದೆ. ಕರಗಲು ಸುಮಾರು 217ರಿಂದ 227 ಡಿಗ್ರಿ ಬೇಕು. ಅಗ್ಗದ ಐರನ್ ಇದಕ್ಕೆ ತಿಣುಕುತ್ತದೆ. ಬಿಸಿಯನ್ನು ಹೊಂದಿಸಿಕೊಳ್ಳುವ ಐರನ್ ಕೊಳ್ಳಬೇಕು, ಬಿಟ್ಟೂ ಬೇಗ ಸವೆಯುತ್ತದೆ. ಬೆಸುಗೆ ಸ್ವಲ್ಪ ಮಂಕಾಗಿ ಕಾಣುತ್ತದೆ, ಅದನ್ನು ನೋಡಿ ‘ಕೆಟ್ಟಿದೆ’ ಅಂತ ಮತ್ತೆ ಮತ್ತೆ ಕಾಯಿಸಬೇಡಿ. ಸೀಸದ ತಂತಿಗೆ ಬಳಸಿದ ಬಿಟ್ಟನ್ನು ಇದಕ್ಕೆ ಬಳಸಲೇಬೇಡಿ.

ಖರ್ಚು ಹೆಚ್ಚು, ನಿಜ. ಆ ಖರ್ಚು ಯಾರ ತಲೆಗೆ ಎನ್ನುವುದೇ ಮುಖ್ಯ. ಒಬ್ಬೊಬ್ಬರೇ ಹೋಗಿ ಕೇಳಿದರೆ ‘ಬೇಕಾದರೆ ಮಾಡಿ, ಇಲ್ಲಾಂದ್ರೆ ಬಿಡಿ’ ಅಂತಾರೆ. ಸಂಘದ ಸಭೆಯಲ್ಲಿ ತೀರ್ಮಾನ ಬರೆದು, ನಾಲ್ಕಾರು ಸಂಘ ಸೇರಿ ಕೇಳಿ: ಸೀಸವಿಲ್ಲದ ತಂತಿ ನೀವೇ ಕೊಡಬೇಕು, ಸುರುಳಿಯ ಮೇಲಿನ ಚೀಟಿ ನಮಗೆ ತೋರಿಸಬೇಕು, ಒಂದು ಬಲ್ಬಿಗೆ ಇಷ್ಟು ಕೂಲಿ ಅಂತ ಬರೆದು ಕೊಡಬೇಕು. ಒಪ್ಪದಿದ್ದರೆ ಆ ಕೆಲಸ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಪ್ಪಿದರೂ ಅಡುಗೆಮನೆಯಲ್ಲಿ ಮಾಡಬೇಡಿ. ಸಂಘಕ್ಕೊಂದು ಕೋಣೆ ನೋಡಿ, ಬಾಗಿಲ ಬಳಿ ನೀರು, ಸೋಪು ಇಡಿ, ಮಕ್ಕಳನ್ನು ಒಳಗೆ ಬಿಡಬೇಡಿ.

ಈಗಾಗಲೇ ಹಳೇ ತಂತಿ ತಂದಿಟ್ಟುಕೊಂಡಿದ್ದರೆ ತಿಪ್ಪೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ಬಿದ್ದ ಚೂರುಗಳನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತಂತಿಯ ಜೊತೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲೆ ‘ಸೀಸ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ನೋಂದಾಯಿತ ಇ-ತ್ಯಾಜ್ಯದವರಿಗೆ ಎಲ್ಲ ಸಂಘಗಳದ್ದೂ ಒಟ್ಟಿಗೆ ಕಳಿಸಬಹುದು.